ಟೀಚರ ವಯೊಲಿನ್ನಿಗೆ ಹಾಕಿದ ಅಂಟು

ಕೈಯಲ್ಲಿ ವಯೊಲಿನ್ ಮಾಡುವವರಿಗೆ ತಪ್ಪೇ ಆಗುವುದಿಲ್ಲ ಎಂದು ಯಾರಾದರೂ ಹೊಗಳಿದರೆ ನನಗೆ ಸಿಟ್ಟು ಬರುತ್ತದೆ. ತಪ್ಪು ಆಗಿಯೇ ಆಗುತ್ತದೆ. ಉಳಿ ಕೂದಲೆಳೆಯಷ್ಟು ಹೆಚ್ಚು ಇಳಿದರೆ ಸಾಕು, ಸ್ವರ ಹೋಯಿತು. ತಪ್ಪು ಆಗದ ಹಾಗೆ ನೋಡಿಕೊಳ್ಳಬೇಕು, ಆದರೂ ತಿದ್ದಲು ಒಂದು ದಾರಿ ಇಟ್ಟೇ ಮುಚ್ಚಬೇಕು ಎಂದು ನನ್ನ ಗಂಡ ಹೇಳುತ್ತಿದ್ದರು. ದಾರಿ ಎಂದರೆ ಅಂಟು. ಪ್ರಾಣಿಯ ಚರ್ಮ ಕುದಿಸಿ ಮಾಡುವ ಸರೇಸು ಹಾಕಿದ್ದರೆ, ಎಷ್ಟು ವರ್ಷದ ಮೇಲಾದರೂ ಬಿಸಿನೀರು ಮುಟ್ಟಿಸಿ, ತೆಳು ಚೂರಿ ತೂರಿಸಿ ಮೇಲಿನ ಹಲಗೆಯನ್ನು ಎಬ್ಬಿಸಬಹುದು. ಬಡಗಿಗಳ ಬಿಳಿ ಅಂಟು ಹಾಗಲ್ಲ. ಹಿಡಿದರೆ ಹಿಡಿಯಿತು. ಬಿಡಿಸಲು ಹೋದರೆ ಮರವೇ ಕಿತ್ತು ಬರುತ್ತದೆ.

ಸಿದ್ಧಕಟ್ಟೆಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನಮ್ಮ ಕೆಲಸದ ಜಾಗ. ಇಗರ್ಜಿಗಳಲ್ಲಿ ಭಾನುವಾರದ ಬಲಿಪೂಜೆಗೆ ಹಾಡುವ ತಂಡದವರ ವಯೊಲಿನ್‌ಗಳೇ ಹೆಚ್ಚಾಗಿ ಬರುವುದು. ಹೊಸತು ಮಾಡುವುದು ಗಂಡನ ಕೆಲಸ, ರಿಪೇರಿ ನನ್ನದು. ಅವರು ತೀರಿಹೋದ ಮೇಲೆ ರಿಪೇರಿ ಮಾತ್ರ ಉಳಿದಿದೆ.

ಅವರು ಮಾಡಿದ್ದರಲ್ಲೆಲ್ಲ ಒಳ್ಳೆಯದು ಮೂಡುಬಿದಿರೆಯ ಸಂಗೀತ ಟೀಚರ ವಯೊಲಿನ್. ಟೀಚರು ಜೈನರು, ಕತ್ತಲಾದ ಮೇಲೆ ಉಣ್ಣದವರು. ಮಾಡಲು ಹೇಳಿದ ದಿನವೇ ಎರಡು ಮಾತು ಹೇಳಿದ್ದರು: ಕಮಾನಿಗೆ ಕುದುರೆಯ ಬಾಲದ ಕೂದಲು ಬೇಡ, ನೈಲಾನ್ ಹಾಕಿ. ಒಳಗೆ ಚರ್ಮದ ಅಂಟು ಬೇಡವೇ ಬೇಡ. ಬಸದಿಯ ಪೂಜೆಗೆ ನುಡಿಸುವ ವಾದ್ಯ ಅದು. ಗಂಡ ನನ್ನ ಎದುರಿನಲ್ಲೇ ಒಪ್ಪಿದರು. ಹಲಗೆ ಮುಚ್ಚುವ ಹೊತ್ತಿಗೆ ನಾನು ಬೆಳ್ತಂಗಡಿಯಲ್ಲಿ, ಕಾಯಿಲೆ ಬಿದ್ದ ತಾಯಿಯ ಬಳಿ ಇದ್ದೆ. ಬರುವಾಗ ವಯೊಲಿನ್ ಮುಗಿದು ವಾರ್ನಿಶ್ ಒಣಗುತ್ತಿತ್ತು.

ಈ ಮಳೆಗಾಲದಲ್ಲಿ ಟೀಚರು ಅದನ್ನು ಎದೆಗವಚಿಕೊಂಡು ಬಸ್ಸಿಳಿದರು. ದಪ್ಪ ತಂತಿ ಮುಟ್ಟಿದರೆ ದುಂಬಿ ಸಿಕ್ಕಿಕೊಂಡ ಹಾಗೆ ಸದ್ದು. ಹಲಗೆಯ ಅಡಿಯಲ್ಲಿ ಆ ತಂತಿಯ ಉದ್ದಕ್ಕೂ ಅಂಟಿಸುವ ಮರದ ಪಟ್ಟಿ ಒಂದು ಕಡೆ ಬಿಟ್ಟಿತ್ತು. ಹಲಗೆ ಎಬ್ಬಿಸದೆ ಅದನ್ನು ಸರಿಮಾಡಲು ಆಗುವುದಿಲ್ಲ. ಬಿಳಿ ಅಂಟಾದ್ದರಿಂದ ಎಬ್ಬಿಸಿದರೆ ಹಲಗೆ ಉಳಿಯುವುದು ಕಷ್ಟ ಎಂದು ಬಿಡಿಸಿ ಹೇಳಿದೆ. ಒಡೆಯುವುದಾದರೆ ನಿಮ್ಮ ಕೈಯಲ್ಲೇ ಒಡೆಯಲಿ ಎಂದು ಹೇಳಿ ಟೀಚರು ಹೊರಟುಹೋದರು.

ಅವರಿಗೇನು, ಹೇಳಿ ಹೋದರು. ಆ ಹಲಗೆಯ ಉಬ್ಬು ತಗ್ಗುಗಳಲ್ಲಿ ಇದ್ದದ್ದು ನನ್ನ ಗಂಡನ ಹೆಬ್ಬೆರಳಿನ ಗುರುತು. ನನಗೆ ಚೂರಿ ಎತ್ತಲು ಮನಸ್ಸು ಬರಲಿಲ್ಲ. ಇವತ್ತು ತೇವ ಜಾಸ್ತಿ, ನಾಳೆ ನೋಡುವ ಎಂದು ದಿನ ದೂಡಿದೆ. ಕೊನೆಗೆ ಒಂದು ಬೆಳಿಗ್ಗೆ, ಬಿಳಿ ಅಂಟಿಗೆ ಉಪಯೋಗವಿಲ್ಲದಿದ್ದರೂ ಅಭ್ಯಾಸಬಲದಿಂದ, ಕೆಳಗಿನ ಅಂಚಿಗೆ ಬಿಸಿನೀರು ಸವರಿ ಚೂರಿ ಇಟ್ಟೆ.

ಮೊದಲು ಬಂದದ್ದು ವಾಸನೆ. ಒದ್ದೆ ಚರ್ಮದ ವಾಸನೆ. ಈ ಕೋಣೆಯಲ್ಲಿ ಅದನ್ನು ಎಷ್ಟು ಉಸಿರಾಡಿದ್ದೇನೆಂದರೆ ನಿದ್ದೆಯಲ್ಲೂ ಗುರುತು ಹಿಡಿದೇನು. ಚೂರಿ ಸಲೀಸಾಗಿ ಸಾಗಿತು. ಹಲಗೆ ಒಂದು ಸೀಳೂ ಇಲ್ಲದೆ ಕೈಗೆ ಬಂತು. ಉಳಿಯಿತಲ್ಲ ಎಂದು ಅತ್ತುಬಿಟ್ಟೆ. ಅತ್ತು ಮುಗಿಯುವ ಮೊದಲೇ ಗಂಡನ ಮೇಲೆ ಹೇಳಲಾರದ ಸಿಟ್ಟು ಬಂತು. ನೇರ ಮಾತಿನ ಮನುಷ್ಯ ಎಂದು ಊರೆಲ್ಲ ಹೊಗಳಿ ಮಣ್ಣು ಮಾಡಿದ್ದರು. ಸುಳ್ಳು ಹೇಳಿದವರು ನೆಮ್ಮದಿಯಾಗಿ ಮಲಗಿದ್ದಾರೆ, ಬಿಸಿ ತುಪ್ಪ ನನ್ನ ಬಾಯಲ್ಲಿ. ನುಂಗಲೂ ಆಗದು, ಉಗುಳಲೂ ಆಗದು.

ಪಟ್ಟಿ ಕೂರಿಸಿ ಮುಚ್ಚಿ ಕೊಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಟೀಚರು ಹಲಗೆ ಒಡೆಯದೆ ಹೇಗೆ ಬಂತು ಎಂದು ಕೇಳುತ್ತಾರೆ. ಆಗ ನಾನೂ ಒಂದು ಸುಳ್ಳು ಹೇಳಬೇಕು. ಹಲಗೆಯನ್ನೂ ಕೆಳಗಿನ ಗೂಡನ್ನೂ ಬೇರೆ ಬೇರೆ ಸೀರೆಯಲ್ಲಿ ಸುತ್ತಿ ಮೂಡುಬಿದಿರೆಯ ಬಸ್ಸು ಹತ್ತಿದೆ.

ಟೀಚರು ಎಂದಿನಂತೆ ಬೆಲ್ಲ ನೀರು ಕೊಟ್ಟು ಕೂರಿಸಿದರು. ಇಡೀ ಹಲಗೆ ನೋಡಿ ಅವರ ಮುಖ ಅರಳಿತು. ನಾನು ಸುತ್ತಿ ಬಳಸದೆ ಹೇಳಿದೆ.

"ಟೀಚರ್, ಇದು ಬಿಳಿ ಅಂಟಲ್ಲ. ಅವರು ಸರೇಸೇ ಹಾಕಿದ್ದರು."

ಅವರು ಹಲಗೆಯನ್ನು ನಿಧಾನಕ್ಕೆ ಸೀರೆಯ ಮೇಲೆ ಇಟ್ಟರು. "ಇಷ್ಟು ವರ್ಷ ಇದನ್ನು ನಾನು ಬಸದಿಯ ಒಳಗೆ ತಗೊಂಡು ಹೋಗಿದ್ದೇನೆ, ಬಾಯಮ್ಮ."

ನಾನು ಗಂಡನ ಪರವಾಗಿ ವಾದಕ್ಕೇ ನಿಂತೆ. ಬಿಳಿ ಅಂಟಾಗಿದ್ದರೆ ಇವತ್ತು ಇದು ಒಲೆಗೆ ಹಾಕುವ ಚೂರಾಗುತ್ತಿತ್ತು, ವಾದ್ಯದ ಮೇಲಿನ ಪ್ರೀತಿಗೆ ಹಾಗೆ ಮಾಡಿದರು ಎಂದೆ. ಹಳೆಯ ಅಂಟನ್ನೆಲ್ಲ ಕೆರೆದು, ತೊಳೆದು, ಬಿಳಿ ಅಂಟಿನಲ್ಲಿ ಮುಚ್ಚಿ ಕೊಡುತ್ತೇನೆ ಎಂದೂ ಹೇಳಿದೆ. ಟೀಚರಿಗೆ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು.

"ಅವರಿಗೆ ವಾದ್ಯ ಉಳಿಯಬೇಕಿತ್ತು, ಅದು ನನಗೆ ಅರ್ಥ ಆಗ್ತದೆ," ಎಂದರು. "ನನಗೆ ಒಡೆದರೂ ಅಡ್ಡಿ ಇರಲಿಲ್ಲ. ಹಾಗಂತಲೇ ನಾನು ಹೇಳಿದ್ದು."

ಎರಡು ಗಂಟುಗಳನ್ನೂ ಅವರೇ ಕಟ್ಟಿಕೊಟ್ಟರು. ಬಸ್ ನಿಲ್ದಾಣದವರೆಗೂ ಕೊಡೆ ಹಿಡಿದು ಬಂದರು.

ಮನೆಗೆ ಬಂದು ಅಂಚಿನ ಸರೇಸನ್ನು ಬಿಸಿ ಬಟ್ಟೆಯಿಂದ ಒರೆಸಿ ತೆಗೆದೆ, ಸಂದುಗಳಲ್ಲಿದ್ದದ್ದನ್ನು ಕಡ್ಡಿಯಿಂದ ಕೆರೆದೆ. ಪಟ್ಟಿಯನ್ನೂ ಪೂರಾ ಬಿಡಿಸಿ ಹೊಸದಾಗಿ ಕೂರಿಸಿದೆ. ಆಮೇಲೆ ಗಂಡ ಯಾವತ್ತೂ ಮಾಡದ ಕೆಲಸ ಮಾಡಿದೆ, ಬಿಳಿ ಅಂಟು ಹಾಕಿ ಮುಚ್ಚಿದೆ. ಇನ್ನು ಒಳಗೆ ಏನು ಕೆಟ್ಟರೂ ಅದನ್ನು ಒಡೆಯದೆ ತೆರೆಯಲು ನನ್ನಿಂದಲೂ ಆಗುವುದಿಲ್ಲ. ಒಮ್ಮೆ ತಂತಿ ಮೀಟಿ ನೋಡಿದೆ, ದುಂಬಿಯ ಸದ್ದು ಹೋಗಿತ್ತು.

ಆಗಿದೆ ಎಂದು ಟೀಚರಿಗೆ ಹೇಳಿ ಕಳಿಸಿ ತಿಂಗಳಾಯಿತು. ಅವರು ಬಂದಿಲ್ಲ.