ಮೂರನೇ ಸಲದ ಪಾಸ್‌ವರ್ಡ್

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕೊರ್ಲಿಮ್‌ನ ಔಷಧ ಕಾರ್ಖಾನೆಯೊಂದರ ಕಚೇರಿಯಲ್ಲಿದ್ದೆ. ಇಡೀ ಕಾರ್ಖಾನೆಗೆ ಇದ್ದ ಒಂದೇ ಮೋಡೆಮ್ ನನ್ನ ಮೇಜಿನ ಮೇಲಿತ್ತು. ಅದಕ್ಕೂ ಕಚೇರಿಯ ಫೋನಿಗೂ ಒಂದೇ ಲೈನು. ಒಂದು ನಡೆಯುವಾಗ ಇನ್ನೊಂದು ಸುಮ್ಮನಿರಬೇಕಿತ್ತು.

ಮಳೆಗಾಲದ ಒಂದು ಶನಿವಾರ ಮಧ್ಯಾಹ್ನ ಸಿರಪ್ ಬಾಟಲಿ ತುಂಬುವ ಯಂತ್ರದ ಮೆಕ್ಯಾನಿಕ್ ಬಂದು ಬಾಗಿಲಲ್ಲಿ ನಿಂತ. ಗದಗ ಕಡೆಯವನು, ವಾಸ್ಕೋದಲ್ಲಿ ಸಂಸಾರ. ಅವನನ್ನು ಕಾಯಂ ಮಾಡಬೇಕೋ ಬೇಡವೋ ಎಂದು ಮ್ಯಾನೇಜರ್ ಸೋಮವಾರ ತೀರ್ಮಾನಿಸುವವರಿದ್ದರು.

“ಮಷೀನು ಎಲ್ಲಾ ಮರ್ತಬಿಟ್ಟೈತ್ರಿ ಸರ್,” ಎಂದ.

ಆ ಯಂತ್ರದ ಪ್ರೋಗ್ರಾಮು ಉಳಿಯುತ್ತಿದ್ದುದು ಒಂದು ಸಣ್ಣ ಬ್ಯಾಟರಿಯ ಬಲದಿಂದ. ಬ್ಯಾಟರಿ ಬದಲಿಸುವಾಗ ಕರೆಂಟು ಇರಲೇಬೇಕು. ಇವನು ಹುಷಾರಿಗೆಂದು ಮೊದಲು ಕರೆಂಟು ಬಂದ್ ಮಾಡಿ, ಆಮೇಲೆ ಬ್ಯಾಟರಿ ಕಿತ್ತಿದ್ದ. ಪ್ರೋಗ್ರಾಮಿನ ಪ್ರತಿ ಇಟ್ಟಿದ್ದ ಫ್ಲಾಪಿ ನನ್ನ ಕಪಾಟಿನಲ್ಲಿ ಬೂಷ್ಟು ಹಿಡಿದಿತ್ತು. ಕಂಪ್ಯೂಟರ್ ಅದನ್ನು ಓದಲಿಲ್ಲ. ಎರಡನೇ ಪಾಳಿ ನಾಲ್ಕಕ್ಕೆ ಶುರುವಾಗಬೇಕು.

ಇನ್ನೊಂದು ಪ್ರತಿ ಇದ್ದದ್ದು ಪುಣೆಯಲ್ಲಿ, ಯಂತ್ರ ಮಾರಿದ ಕಂಪನಿಯ ಕಂಪ್ಯೂಟರಿನಲ್ಲಿ. ಶನಿವಾರ ಮಧ್ಯಾಹ್ನ ಅವರ ಕಚೇರಿ ಮುಚ್ಚಿತ್ತು, ಆದರೆ ಮೋಡೆಮ್‌ನಿಂದ ಅಲ್ಲಿಗೆ ಫೋನು ಹಚ್ಚಿ ಹೆಸರು, ಪಾಸ್‌ವರ್ಡ್ ಕೊಟ್ಟರೆ ಇಳಿಸಿಕೊಳ್ಳಬಹುದು. ನಮ್ಮ ಖಾತೆಗೆ ಪಾಸ್‌ವರ್ಡ್ ಇಟ್ಟವರು ಆ ಪ್ರೋಗ್ರಾಮು ಬರೆದ ಇಂಜಿನಿಯರ್, ಧಾರವಾಡದ ಹೆಣ್ಣುಮಗಳು. ರಜೆಗೆ ಊರಿಗೆ ಬಂದಿದ್ದ ಅವರು ಅಂದು ಬೆಳಿಗ್ಗೆಯೇ ಪುಣೆಯ ಬಸ್ಸು ಹತ್ತಿದ್ದರು. ಆದರೆ, ಅಡಚಣೆಯಾದರೆ ಮನೆಯಲ್ಲಿಟ್ಟ ಡೈರಿ ನೋಡಿ ಕಾರ್ಖಾನೆಯವರಿಗೆ ಪಾಸ್‌ವರ್ಡ್ ಹೇಳು ಎಂದು ತಾಯಿಗೆ ತಿಳಿಸಿಟ್ಟಿದ್ದರು. ಧಾರವಾಡಕ್ಕೆ ಫೋನು ಮಾಡಿದೆ.

“ಹೊಸಮನಿ ಅಂತ ಬರದಾಳ ನೋಡ್ರಿ,” ಎಂದರು ತಾಯಿ.

ಹೊಸಮನಿ ನಮ್ಮ ಗದಗ-ಧಾರವಾಡದ ಕಡೆ ಅಡ್ಡಹೆಸರೂ ಹೌದು. ಮೆಕ್ಯಾನಿಕ್‌ನ ತರಗತಿಯಲ್ಲೇ ಅಂಥವರು ಮೂವರಿದ್ದರಂತೆ. “ಅಡ್ಡಹೆಸರು ಅಂದ್ರ ಇಂಗ್ಲಿಷ್‌ನ್ಯಾಗ ಮೊದಲನೇ ಅಕ್ಷರ ದೊಡ್ಡದು ಹಾಕಬೇಕಲ್ರಿ,” ಎಂದ. ಹಾಗೇ ಹಾಕಿದೆ. ತಪ್ಪು ಎಂದು ಬಂತು. ಎಲ್ಲ ಸಣ್ಣಕ್ಷರದಲ್ಲಿ ಹೊಡೆದೆ. ಅದೂ ತಪ್ಪು. ಇನ್ನೊಂದು ಸಲ ತಪ್ಪಿದರೆ ಖಾತೆ ಮುಚ್ಚುತ್ತದೆ, ಸೋಮವಾರ ಪುಣೆಯ ಕಚೇರಿಯವರೇ ತೆರೆಯಬೇಕು ಎಂಬ ಸಾಲು ಪರದೆಯ ಮೇಲೆ ಬಂದು, ಲೈನು ಕಡಿಯಿತು.

ಪ್ಯಾಕಿಂಗ್ ವಿಭಾಗದ ಹಿರಿಯ ಹೆಂಗಸೊಬ್ಬಳು ಬಾಗಿಲಲ್ಲಿ ಇಣುಕಿದಳು. “ಏನ್ ಡಾಕ್ಟರ, ಪೇಷಂಟು ಹೆಂಗದಾನ?”

“ಉಸಿರು ಐತಿ ಅಕ್ಕಾ. ನೆನಪಿಲ್ಲ,” ಎಂದ ಮೆಕ್ಯಾನಿಕ್. ಅವಳು ನಕ್ಕು ಹೋದಳು. ಅವನು ನಗಲಿಲ್ಲ. “ನಾಲ್ಕಕ್ಕ ಮಷೀನು ತಿರುಗಲಿಲ್ಲಂದ್ರ ನನ್ನ ಕಾಯಂ ಪತ್ರ ಬರೂದಿಲ್ರಿ,” ಎಂದ.

ಮತ್ತೆ ಧಾರವಾಡಕ್ಕೆ ಹಚ್ಚಿದೆ. “ಅವ್ವಾರ, ಡೈರ್ಯಾಗ ಎಲ್ಲಾ ಸಣ್ಣ ಅಕ್ಷರ ಅದಾವೇನ್ರಿ, ಯಾವುದರೆ ದೊಡ್ಡದೈತೇನು?”

“ಕನ್ನಡದಾಗ ಸಣ್ಣದು ದೊಡ್ಡದು ಎಲ್ಲಿರತಾವಪಾ?”

“ಕನ್ನಡದಾಗ ಬರದಾರೇನ್ರಿ?”

“ಹೌದಪಾ. ಪುಣೇದ ಹಾಸ್ಟೆಲ್‌ನ್ಯಾಗ ಯಾರೂ ಓದಬಾರದಂತ ಹಂಗ ಬರೀತಾಳ.”

ಆಗ ಹೊಳೆಯಿತು. ನಾವು ಆಡುವುದು ಮನಿ, ಬರೆಯುವುದು ಮನೆ. ಬರೆದದ್ದನ್ನು ಗಟ್ಟಿಯಾಗಿ ಓದುವಾಗಲೂ ನಾಲಿಗೆ ಮನಿ ಎಂದೇ ಓದುತ್ತದೆ. ಅವರನ್ನು ಇನ್ನೊಮ್ಮೆ ಓದಿಸಿದರೆ ಇನ್ನೊಮ್ಮೆ ಹೊಸಮನಿ ಎನ್ನುತ್ತಾರೆ, ಅಷ್ಟೆ.

“ಕಡೀ ಅಕ್ಷರ ಓದಬ್ಯಾಡ್ರಿ,” ಎಂದೆ. “ನ-ಕ್ಕ ಗುಡಿಸು ಐತೋ, ಎತ್ವ ಐತೋ ಅಷ್ಟ ಹೇಳ್ರಿ.”

“ಈ ವಯಸ್ಸಿನ್ಯಾಗ ನನ್ನ ಪರೀಕ್ಷಾ ತಗೊಳ್ಳಾಕತ್ತೀರೇನು?” ಎಂದರು. ಆದರೆ ಕನ್ನಡಕ ಹುಡುಕಿ ತಂದರು. ಶಾಲೆಯ ರಾಗದಲ್ಲಿ ಶುರು ಮಾಡಿದರು. “ನ ತಲಕಟ್ಟು ನ, ನ ಇಳಿ ನಾ, ನ ಗುಡಿಸು ನಿ...” ನಡುವೆ ಬಿಟ್ಟು ಹೋಗುವವರಲ್ಲ, ಕೊಂಬು, ವಟ್ರಸುಳಿ ಎಲ್ಲ ದಾಟಿ ಬಂದರು. ಮೆಕ್ಯಾನಿಕ್ ಗೋಡೆಯ ಗಡಿಯಾರ ನೋಡುತ್ತಿದ್ದ. “ನ ಎತ್ವ ನೆ. ಹಾಂ, ಇದ ನೋಡ್ರಿ. ಎತ್ವ ಐತಿ. ಹೊಸಮನಿ.”

ಫೋನಿಟ್ಟು ಮೋಡೆಮ್ ಹಚ್ಚಿದೆ. ಎಲ್ಲ ಸಣ್ಣಕ್ಷರ, ಕೊನೆಯಲ್ಲಿ ಇಂಗ್ಲಿಷಿನ i ಬದಲು e.

“ಖಾತ್ರಿ ಏನ್ರಿ?” ಎಂದ ಅವನು.

“ಅವ್ವಾರ ಕಾಗುಣಿತ ತಪ್ಪಿಲ್ಲ,” ಎಂದು ಎಂಟರ್ ಒತ್ತಿದೆ. ಪರದೆಯ ಮೇಲೆ ಕಡತಗಳ ಪಟ್ಟಿ ಬಂತು.

ಇಳಿಯಲು ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವನು ರಿಸೀವರ್ ಮೇಲೆ ಕೈಯಿಟ್ಟು ನಿಂತಿದ್ದ. ಯಾರಾದರೂ ಅದನ್ನು ಎತ್ತಿದರೆ ಲೈನು ಕಡಿಯುತ್ತಿತ್ತು. ಕೇಬಲ್ಲಿನಿಂದ ಪ್ರೋಗ್ರಾಮನ್ನು ಯಂತ್ರಕ್ಕೆ ತುಂಬಿದಾಗ ನಾಲ್ಕಕ್ಕೆ ಐದು ನಿಮಿಷವಿತ್ತು. ಪಾಳಿ ಹೊತ್ತಿಗೆ ಸರಿಯಾಗಿ ಬಾಟಲಿಗಳು ಸಾಗತೊಡಗಿದವು.

ಇಂಜಿನಿಯರ್ ಪುಣೆ ತಲುಪಿದ ಮೇಲೆ ಪಾಸ್‌ವರ್ಡ್ ಬದಲಿಸಿ, ಹೊಸದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಲಕೋಟೆಯಲ್ಲಿ ಕಳಿಸಿದರು.

ಸೋಮವಾರ ಮ್ಯಾನೇಜರ್ ನಮ್ಮಿಬ್ಬರನ್ನೂ ಕರೆದು, ಶನಿವಾರ ಯಂತ್ರ ಯಾಕೆ ನಿಂತಿತ್ತು ಎಂದು ಹಿಂದಿಯಲ್ಲಿ ಕೇಳಿದರು. ಹೊತ್ತಿಗೆ ಸರಿಯಾಗಿ ಶುರುವಾಗಿದ್ದರಿಂದ, ಬ್ಯಾಟರಿ ಸವೆದಿತ್ತು ಎಂದರೂ ನಡೆಯುತ್ತಿತ್ತು. ನಾನು ಮೆಕ್ಯಾನಿಕ್‌ನ ಮುಖ ನೋಡಿದೆ.

“ಕರೆಂಟು ಬಂದ್ ಮಾಡಿ ಬ್ಯಾಟರಿ ತೆಗೆದವನು ನಾನೇ,” ಎಂದು ಅವನು ತನ್ನ ವಾಸ್ಕೋ ಹಿಂದಿಯಲ್ಲಿ ಹೇಳಿದ.

ಮ್ಯಾನೇಜರ್ ಖಾನೆಯಿಂದ ಅವನ ಕಡತ ತೆಗೆದರು. ಆಮೇಲೆ ಕಾಯಂ ಪತ್ರಕ್ಕೆ ಸಹಿ ಮಾಡಿ, ಇನ್ನು ಮುಂದೆ ಎಲ್ಲ ಯಂತ್ರಗಳ ಬ್ಯಾಟರಿ ಬದಲಿಸುವ ಕೆಲಸ ನಿನ್ನದೇ ಎಂದು ಪತ್ರವನ್ನು ಅವನ ಕೈಗೆ ಕೊಟ್ಟರು.