ಕೆಂಚ ಮಾಡಿದ್ದಲ್ಲ

ಪೂಜೆಮನೆಯ ಬಾಗಿಲ ಪಕ್ಕ ಉಚ್ಚೆ ಹೊಯ್ದದ್ದು ಕೆಂಚನಲ್ಲ ಸುಮಾ, ನಾನು. ನಿನ್ನ ತಾತ. ಹಣೆತುಂಬ ವಿಭೂತಿ ಬಳಿದುಕೊಂಡು, ಬಂದವರಿಗೆಲ್ಲ ಶುಚಿಯ ಬಗ್ಗೆ ಬುದ್ಧಿ ಹೇಳುತ್ತಿದ್ದ ಈ ದೊಡ್ಡ ಮನುಷ್ಯ. ನೀನು ಮೂಗು ಮುಚ್ಚಿಕೊಳ್ಳದೆ, ಹಳೇ ಟವಲಿನಿಂದ ಒರೆಸಿ, ಬಕೆಟ್ಟಿನಲ್ಲಿ ಹಿಂಡಿ, ಮತ್ತೆ ಒರೆಸಿದೆಯಲ್ಲ — ಅದು ನನ್ನದು. ಒಂದು ಸಲವಲ್ಲ. ಎಷ್ಟು ಸಲ ಅಂತ ನನಗೂ ಲೆಕ್ಕವಿಲ್ಲ.

ಇದನ್ನು ಹೋದ ಭಾನುವಾರ ನಿನ್ನ ಮನೆಯಲ್ಲೇ ಹೇಳಬೇಕಿತ್ತು. ಚಾಮರಾಜನಗರಕ್ಕೆ ಬಂದು ನಿನ್ನ ಕೈಯ ಊಟ ಉಂಡು ಕೂತಿದ್ದೆ. ನಿನ್ನ ಮಗಳು ಪಕ್ಕದ ಮನೆಯ ನಾಯಿ ಹಾಕಿದ ಮರಿಯೊಂದನ್ನು ಎದೆಗವಚಿಕೊಂಡು ಬಂದು, ಸಾಕೋಣ ಅಂತ ಅಳುತ್ತಿದ್ದಳು. ನೀನು ಆ ಮರಿಯನ್ನು ಮುಟ್ಟಲೂ ಇಲ್ಲ. 'ನಂಗೆ ನಾಯಿ ಸಾಕಕ್ ಬರಲ್ಲ ಕಂದ. ಒಂದ್ ಮರಿಗೆ ಹೊಡ್ದು, ಕಾಡುಪಾಲು ಮಾಡ್ದೋಳು ನಾನು' ಅಂದೆ. ನಾನು ಅಲ್ಲೇ ಇದ್ದೆ. ಬಾಯಲ್ಲಿ ನೀನು ಕೊಟ್ಟ ಎಲೆಅಡಿಕೆ ಇತ್ತು. ಅದನ್ನೇ ಜಗಿಯುತ್ತಾ ಕೂತೆ. ಗುಂಡ್ಲುಪೇಟೆ ಬಸ್ಸು ಹತ್ತಿದ ಮೇಲೆ ನನ್ನ ಮೇಲೆ ನನಗೇ ಎಂಥ ಸಿಟ್ಟು ಬಂತೆಂದರೆ — ಪಕ್ಕದಲ್ಲಿ ಕೂತಿದ್ದ ಹೆಂಗಸು 'ಯಾಕಯ್ಯಾ, ಮೈಗ್ ಉಸಾರಿಲ್ವಾ' ಅಂತ ಕೇಳಿದಳು.

ನೀನು ಕೆಂಚನನ್ನು ತಂದಾಗ ಒಂಬತ್ತನೇ ಕ್ಲಾಸು. ಸಂತೆ ಮಾಳದ ಮೋರಿಯಿಂದ ಎತ್ತಿಕೊಂಡು ಬಂದಿದ್ದೆ. ನಿಮ್ಮಪ್ಪ ಹಾರಾಡಿದ. 'ಮನೆವೊಳ್ಗೆ ಒಂದ್ ತೊಟ್ಟು ಉಚ್ಚೆ ಬಿದ್ರೆ ಅವತ್ತೇ ಆಚೆಗೆ' ಅಂದ. ನೀನು ಆ ಮಾತನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡೆ! ಮರಿ ನಿದ್ದೆಯಿಂದ ಎದ್ದ ತಕ್ಷಣ ಎತ್ತಿಕೊಂಡು ಹಿತ್ತಲ ನುಗ್ಗೆಮರದ ಕೆಳಗೆ ಬಿಡುವುದು, ಹಾಲನ್ನ ತಿಂದ ಮೇಲೆ ಮತ್ತೆ ಅಲ್ಲಿಗೇ. ಅದು ಇರುವೆ ಮೂಸುತ್ತಾ, ಎಲೆ ಕಚ್ಚುತ್ತಾ ಹೊತ್ತು ಕಳೆದರೂ ನೀನು ಗದರುತ್ತಿರಲಿಲ್ಲ. ಕೆಲಸ ಮುಗಿಸಿದ ಕೂಡಲೇ ಬಿಸ್ಕತ್ತಿನ ಚೂರು, ಬೆನ್ನು ಸವರಿ 'ಜಾಣ ಕಣೋ ನೀನು.' ಶುರುವಿನಲ್ಲಿ, ನಿಮ್ಮಪ್ಪನ ಕಣ್ಣಿಗೆ ಬೀಳದ ಹಾಗೆ, ಒಳಗೆ ಒಂದೆರಡು ಸಲ ಮಾಡಿತು, ನಿಜ. ಆಗಲೂ ಹೊಡೆಯಲಿಲ್ಲ. ವಾಸನೆ ಉಳಿದರೆ ಅಲ್ಲೇ ಮತ್ತೆ ಮಾಡುತ್ತದೆ ತಾತ, ಅಂತ ನನಗೇ ವಿವರಿಸಿ, ನಿಂಬೆಹಣ್ಣು ಉಜ್ಜಿ ತೊಳೆದೆ. ಕೊನೆಕೊನೆಗೆ ಆ ಪುಟ್ಟ ಜೀವ ತಾನೇ ಹೋಗಿ ಹಿತ್ತಲ ಬಾಗಿಲು ಕೆರೆಯುತ್ತಿತ್ತು. ಬಾಗಿಲು ತೆಗೆಯುವುದು ತಡವಾದರೆ ನಡುಗುತ್ತಾ ತಡೆದುಕೊಂಡು ನಿಲ್ಲುತ್ತಿತ್ತು. ಕಣ್ಣಾರೆ ನೋಡಿದ್ದೇನೆ.

ಅದು ತಡೆದುಕೊಳ್ಳುತ್ತಿತ್ತು. ನನಗೆ ಆಗುತ್ತಿರಲಿಲ್ಲ.

ನಮ್ಮ ಮನೆಯ ಕಕ್ಕಸು ಎಲ್ಲಿತ್ತು, ನೆನಪಿದೆಯಲ್ಲ — ಹಿತ್ತಲ ಕೊನೆಗೆ, ಬಟ್ಟೆ ಒಗೆಯುವ ಕಲ್ಲು ದಾಟಿ, ಕಾಂಪೌಂಡಿಗೆ ಒರಗಿಕೊಂಡು. ಮನೆ ರಿಪೇರಿ ಮಾಡಿಸುವಾಗ ನಿಮ್ಮಪ್ಪ ನನ್ನ ಕೋಣೆಗೆ ಹೊಂದಿಸಿ ಒಂದು ಕಟ್ಟಿಸುತ್ತೇನೆ ಅಂದಿದ್ದ. ಮೇಸ್ತ್ರಿಯ ಎದುರಿಗೇ ಕೂಗಾಡಿದೆ. ಲಿಂಗಪೂಜೆ ಮಾಡೋ ಮನೆವೊಳಗೆ ಕಕ್ಕಸಾ, ನಾನು ಸತ್ತಮೇಲೆ ಕಟ್ಕೊ ಅಂದೆ. ಉಮ್ಮತ್ತೂರಿನ ನೆಂಟರೆಲ್ಲ ಹೊಗಳಿದರು. ಹಿರಿಯರು ಅಂದರೆ ಹೀಗಿರಬೇಕು ಅಂದರು. ಆ ಹೊಗಳಿಕೆ ತಲೆಗೇರಿತು. ಅದಾದ ಮೇಲೆ, ಎದ್ದು ನಾಲ್ಕು ಹೆಜ್ಜೆ ಹಾಕುವುದರೊಳಗೆ ಪಂಚೆ ಒದ್ದೆಯಾಗುವ ಕಾಯಿಲೆ ಬಂದಾಗ ಯಾರ ಹತ್ತಿರ ಹೇಳಲಿ? ಯಾವ ಬಾಯಲ್ಲಿ ಹೇಳಲಿ?

ಇದನ್ನು ಸಬೂಬು ಅಂದುಕೊಳ್ಳಬೇಡ. ಬಾಯಿ ಇತ್ತು. ನಾಯಿಯ ಮೇಲೆ ಹೇಳುವುದಕ್ಕೆ ಚೆನ್ನಾಗಿಯೇ ಬಂತಲ್ಲ.

ಮೊದಲ ಸಲ ಮಧ್ಯಾಹ್ನದ ಹೊತ್ತು. ಮಲಗಿ ಎದ್ದು ಹಿತ್ತಲ ಕಡೆ ಹೊರಟವನು ಪೂಜೆಮನೆಯ ಬಾಗಿಲ ಹತ್ತಿರವೇ — ಆಗಿಹೋಯಿತು. ಪಂಚೆ ಬದಲಾಯಿಸಿ ಬರುವುದರೊಳಗೆ ನಿಮ್ಮಮ್ಮ ಅಲ್ಲಿ ನಿಂತಿದ್ದಳು. 'ಇದೇನ್ ಮಾವಾ ಇದು, ಯಾರ್ ಮಾಡಿದ್ದು' ಅಂದಳು. ಪಾಪ, ಅವಳಿಗೆ ನನ್ನ ಮೇಲೆ ಎಳ್ಳಷ್ಟೂ ಅನುಮಾನವಿರಲಿಲ್ಲ.

'ಇನ್ಯಾರ್ ಮಾಡಾರು? ನಾಯಿ ಕಣವ್ವ. ನಾನೇ ನೋಡ್ದೆ.'

ನಾನೇ ನೋಡ್ದೆ! ಸುಮ್ಮನಿದ್ದರೂ ನಾಯಿಯ ಮೇಲೇ ಬರುತ್ತಿತ್ತು. ಅದು ಸಾಲದೆ ಸಾಕ್ಷಿಯನ್ನೂ ಹೇಳಿದೆ. ನೀನು ಸ್ಕೂಲಿನಿಂದ ಬಂದು, ಬ್ಯಾಗು ಇಳಿಸುವ ಮೊದಲೇ ಬಕೆಟ್ಟು ಹಿಡಿದೆ. ನಾಯಿ ನಿನ್ನದು, ಗಲೀಜೂ ನಿನ್ನದು ಅನ್ನುವುದು ಮನೆಯ ಕಾನೂನು. ನಾನು ಕುರ್ಚಿಯಲ್ಲಿ ಪೇಪರು ಬಿಡಿಸಿಕೊಂಡು ಕೂತು, ನನ್ನ ಮೊಮ್ಮಗಳು ನನ್ನ ಉಚ್ಚೆ ಬಳಿಯುವುದನ್ನು ನೋಡಿದೆ. ಎದ್ದು ಬಕೆಟ್ಟು ಕಿತ್ತುಕೊಳ್ಳಲಿಲ್ಲ. ಎಂಥ ಮನುಷ್ಯ ನಾನು!

ಆಮೇಲೆ ಆದಾಗಲೆಲ್ಲ ಅದೇ ಮಾತು, ಪ್ರತಿ ಸಲವೂ ನೀನು ನಿಮ್ಮಪ್ಪನನ್ನು ಬೇಡಿಕೊಂಡು ಮರಿಯನ್ನು ಉಳಿಸಿಕೊಂಡೆ. ಇನ್ನೊಂದು ಹೇಳುತ್ತೇನೆ, ಕೇಳು. ಒಂದು ದಿನ ಕೆಂಚನೂ ನಿಜವಾಗಿ ಅಲ್ಲೇ ಮಾಡಿತು. ಎಲ್ಲರ ಎದುರಿಗೆ, ಕಾಲೆತ್ತಲೂ ಬಾರದ ಮರಿ, ಕುಕ್ಕರಿಸಿ. ನಿನ್ನ ಮುಖ ಸುಣ್ಣವಾಯಿತು. ಯಾಕೆ ಮಾಡಿತು ಅಂತ ನೀನೇ ನನಗೆ ಹೇಳಿಕೊಟ್ಟಿದ್ದೆಯಲ್ಲ — ವಾಸನೆ. ಗಾರೆ ನೆಲಕ್ಕೆ ಇಳಿದಿದ್ದ ನನ್ನ ವಾಸನೆ ಹಿಡಿದು, ಇದೇ ಜಾಗವಿರಬೇಕು ಅಂದುಕೊಂಡಿತು ಅದು. ನೀನು ಅಷ್ಟು ತಾಳ್ಮೆಯಿಂದ ಕಲಿಸಿದ್ದನ್ನು ನಾನು ಕೆಡಿಸಿದೆ. ಅವತ್ತು ನೀನು ಮೊಟ್ಟಮೊದಲ ಸಲ ಅದಕ್ಕೆ ಹೊಡೆದೆ. ಅದು ಓಡಿ ಬಂದು ಅವಿತುಕೊಂಡದ್ದು ನನ್ನ ಮಂಚದ ಕೆಳಗೆ.

ಕೊನೆಯ ಸಲದ್ದು ನೆನಪಿರಲೇಬೇಕು ನಿನಗೆ. ನೀನು ಸ್ಕೂಲಿಲ್ಲದ ದಿನ ಕೆಂಚನ ಜೊತೆ ಹಿತ್ತಲಲ್ಲಿದ್ದೆ. ಒಳಗೆ ನೆಲ ಒದ್ದೆಯಾಗಿತ್ತು. ನಾನು ಮಾಮೂಲಿ ಮಾತು ಹೇಳಿದೆ. ನೀನು ಬಂದು ಎದುರಿಗೆ ನಿಂತೆ. 'ಇಲ್ಲ ತಾತ, ಕೆಂಚ ನನ್ ಜೊತೇಲೇ ಇತ್ತು. ಒಳಕ್ಕೇ ಬಂದಿಲ್ಲ' ಅಂದೆ. ಸತ್ಯ ಅಷ್ಟೇ ಇತ್ತು. ಮುಂದಿನ ಒಂದು ಮಾತು ನನ್ನದಾಗಬೇಕಿತ್ತು, ಎಲ್ಲ ಸರಿಹೋಗುತ್ತಿತ್ತು. ನಾನು ಏನು ಹೇಳಿದೆ? 'ಅಂಗಾರೆ ನಾನ್ ಸುಳ್ಳೇಳ್ತೀನಾ?'

ನಿಮ್ಮಪ್ಪ ಕೈ ಎತ್ತಿದ. 'ತಾತನ್ನೇ ಸುಳ್ಳುಗಾರ ಅಂತೀಯ ಕಣಮ್ಮಿ? ಕಾಲಿಗ್ ಬೀಳು' ಅಂದ. ನೀನು ಬಿದ್ದೆ. ಈ ಕಾಲಿಗೆ. ಕಣ್ಣೀರು ಪಾದದ ಮೇಲೆ ಬಿತ್ತು, ಬೆಚ್ಚಗಿತ್ತು, ನಾನು ತಲೆಯ ಮೇಲೆ ಕೈಯಿಟ್ಟು ಕ್ಷಮಿಸಿದೆ! ಕ್ಷಮಿಸಿದೆನಂತೆ. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೇ ರೇಗುತ್ತಿದೆ ಸುಮಾ. ನಾಯಿಯನ್ನು ಏನು ಮಾಡುವುದು ಅಂತ ನಿಮ್ಮಪ್ಪ ಕೇಳಿದ್ದು ನನ್ನನ್ನು. ತೆರಕಣಾಂಬಿಯ ಹೊಲದ ಮನೆಗೆ ಕಳ್ಸು, ಅಲ್ಲಿ ಎಲ್ ಬೇಕಾದ್ರೂ ಮಾಡ್ಕೊಳ್ಲಿ ಅಂದವನು ನಾನು.

ಮನೆಯೊಳಗೆ ಬೆಳೆದ ಮರಿ. ಕಾಡಂಚಿನ ಆ ಹೊಲಕ್ಕೆ ಬರುವ ಚಿರತೆಯ ವಾಸನೆ ಅದಕ್ಕೇನು ಗೊತ್ತು. ಓಡಿ ಬಂದೀತು ಅಂತ ಹೊಲ ಕಾಯುವವನು ಅದನ್ನು ಹೊರಗೆ ಗೂಟಕ್ಕೆ ಕಟ್ಟಿದ್ದ. ಬೆಳಗ್ಗೆ ನೋಡಿದರೆ ಹಗ್ಗ ಮಾತ್ರ ಇತ್ತಂತೆ. ಸುದ್ದಿ ಬಂದಾಗ ನೀನು ಅಳಲಿಲ್ಲ. 'ನಾನ್ ಸರಿಯಾಗ್ ಕಲಿಸಿದ್ದಿದ್ರೆ ಮನೇಲೇ ಇರ್ತಿತ್ತು' ಅಂದೆ, ಯಾರಿಗೂ ಅಲ್ಲ, ಗೋಡೆಗೆ. ನನಗೆ ಕೇಳಿಸಿತು. ಕೇಳಿಸದವನ ಹಾಗೆ ಕೂತೆ.

ಮುಂದಿನದು ನಿನಗೇ ಗೊತ್ತು. ಕಾಯಿಲೆ ಮುಚ್ಚಿಡಲಾಗದಷ್ಟು ಜೋರಾದ ಮೇಲೆ ಡಾಕ್ಟರ ಹತ್ತಿರ ಹೋದೆ. ಮಾತ್ರೆ ಕೊಟ್ಟರು, ಹತೋಟಿಗೆ ಬಂತು. ಮಾತ್ರೆಯಲ್ಲಿ ತಗ್ಗುವ ಕಾಯಿಲೆ! ನನ್ನ ಕೋಣೆಯ ಪಕ್ಕದಲ್ಲೇ ಕಕ್ಕಸು ಕಟ್ಟಿಸಿದರು, ನಾನು ಕಮಕ್ ಕಿಮಕ್ ಅನ್ನಲಿಲ್ಲ. ಅದಕ್ಕೂ ಪೂಜೆಮನೆಗೂ ನಡುವೆ ಇರುವುದು ಒಂದೇ ಗೋಡೆ. ಪೂಜೆ ಇವತ್ತಿಗೂ ನಡೆಯುತ್ತಿದೆ, ಶಿವನೇನೂ ಎದ್ದು ಹೋಗಲಿಲ್ಲ. ಆದರೆ ಆ ನಾಯಿಯ ವಿಷಯ ಮಾತ್ರ ಒಬ್ಬರೂ ಎತ್ತಲಿಲ್ಲ. ಎತ್ತಬೇಕಾದವನು ನಾನೊಬ್ಬನೇ ಇದ್ದೆ.

ನಿನ್ನೆ ನಿಮ್ಮಪ್ಪನನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಅವನು ನಕ್ಕುಬಿಟ್ಟ. 'ಓಗ್ಲಿ ಬುಡಪ್ಪ, ಯಾವತ್ತಿನ್ದೋ ನಾಯಿ ವಿಸ್ಯ. ಅವ್ಳಿಗೆಲ್ಲಿ ಗ್ಯಾನ ಇದ್ದದು' ಅಂದ. ನನಗೆ ಮೈ ಉರಿದುಹೋಯಿತು. ನಾಯಿ ವಿಷಯವಂತೆ! ನೀನು ಅಂದು ಹೇಳಿದ ಸತ್ಯಕ್ಕೆ ಕೈ ಎತ್ತಿದವನು, ಇಂದು ನನ್ನ ಸುಳ್ಳಿಗೆ ನಗುತ್ತಾನೆ. ಹಾಗೆ ಬೆಳೆಸಿದವನೂ ನಾನೇ.

ನೀನು ನಗಬೇಡ. ವಯಸ್ಸಾದವರು, ಪಾಪ, ಅನ್ನಲೂ ಬೇಡ. ಆವಾಗ ಮಾಡಿಕೊಳ್ಳಲು ಬಿಡದ ಸಿಟ್ಟನ್ನು ಈವಾಗ ಮಾಡಿಕೊ. ಮುಂದಿನ ಭಾನುವಾರ ನಾನೇ ಬರುತ್ತೇನೆ, ಬಾಗಿಲಲ್ಲೇ ನಿಲ್ಲಿಸಿ ಬೈದರೂ ನಿಂತು ಕೇಳುತ್ತೇನೆ. ನಿನ್ನ ಮಗಳಿಗೆ ಮರಿ ತಂದುಕೊಡುವುದು ಬಿಡುವುದು ನಿನ್ನಿಷ್ಟ. ಆದರೆ ನಿನಗೆ ನಾಯಿ ಸಾಕಲು ಬರುವುದಿಲ್ಲ ಅಂತ ಮಾತ್ರ ಆ ಮಗುವಿನ ಹತ್ತಿರ ಇನ್ನೊಂದು ಸಲ ಹೇಳಬೇಡ. ನಿನಗೆ ಬರುತ್ತಿತ್ತು. ಆ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬರುತ್ತಿತ್ತು, ಮತ್ತು ಅದು ನನಗೆ ಅವತ್ತೇ ಗೊತ್ತಿತ್ತು.