ಕೈ ತಾಕದ ನಲ್ಲಿ

ಉಂಡ ಮನೆಯಲ್ಲಿ ಕೈ ತೊಳೆಯಲು ಬಾರದೆ ನಿಂತ ಗಂಡಸು ಇಡೀ ಬಂಗಾರಪೇಟೆಯಲ್ಲಿ ನಾನೊಬ್ಬನೇ ಇರಬೇಕು. ಎಂಬತ್ತರ ದಶಕದ ಮಾತು. ಹೈಸ್ಕೂಲಿಗೆ ವರ್ಗವಾಗಿ ಬಂದು, ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದೆ. ಪಕ್ಕದ ಮನೆಯ ದೊಡ್ಡವೆಂಕಟಪ್ಪನವರು ಒಂದು ಭಾನುವಾರ ಮುದ್ದೆ, ಹಿತಕಿದ ಬೇಳೆ ಸಾರಿಗೆ ಕರೆದರು. ಸಾರನ್ನು ಮೊಣಕೈವರೆಗೂ ಇಳಿಸಿಕೊಂಡು ಹಿತ್ತಲಿಗೆ ಹೋದೆ. ಗೋಡೆಯಿಂದ ನಲ್ಲಿಯ ಮೂತಿಯೇನೋ ಚಾಚಿಕೊಂಡಿತ್ತು. ತಿರುಗಿಸೋಣವೆಂದರೆ ತಲೆಯೇ ಇಲ್ಲ.

ಮೇಷ್ಟ್ರಾದವನು ಗೊತ್ತಿಲ್ಲದ್ದನ್ನು ಇನ್ನೊಬ್ಬರ ಬಳಿ ಕೇಳುವುದುಂಟೇ? ಬಗ್ಗಿ, ಕತ್ತು ತಿರುಚಿ, ಮೂತಿಯೊಳಗೆ ಒಂದು ಕಣ್ಣಿಟ್ಟು ನೋಡಿದೆ. ಸರಿಯಾಗಿ ಕಾಣಲಿಲ್ಲವೆಂದು ಇನ್ನೊಂದು ಹೆಜ್ಜೆ ಮುಂದಿಟ್ಟೆ. ಕಾಲ ಕೆಳಗೆ ಏನೋ ಕುಸಿಯಿತು. ನೀರು ಭರ್ರೆಂದು ಮುಖದ ಮೇಲೆ ಸುರಿದು, ಕನ್ನಡಕ ಬಚ್ಚಲಿಗೆ ಬಿತ್ತು.

“ಲೇ ಗಂಗಾ, ಮೇಷ್ಟ್ರು ಸ್ನಾನಕ್ಕಿಳಿದವ್ರೆ, ಟವಲ್ ತಗಂಬಾ!” ಎಂದು ದೊಡ್ಡವೆಂಕಟಪ್ಪ ಒಳಕ್ಕೆ ಕೂಗಿ, ನನ್ನತ್ತ ತಿರುಗಿದರು. “ಸಾ, ಅದು ಕಾಲಿನ ನಲ್ಲಿ. ತುಳಿದ್ರೆ ಬತ್ತದೆ, ಕಾಲು ತೆಗೆದ್ರೆ ನಿಲ್ತದೆ.”

“ತೆಗೀಬೇಕಲ್ಲ ಮತ್ತೆ!” ಎಂದರು ಟವಲ್ ಹಿಡಿದು ಬಂದ ಅವರ ಹೆಂಡತಿ ಮುನಿಗಂಗಮ್ಮ. ನಾನು ಇನ್ನೂ ಅದರ ಮೇಲೇ ನಿಂತಿದ್ದೆ.

ದೊಡ್ಡವೆಂಕಟಪ್ಪ ಕೋರಮಂಡಲ್ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ದಿನಾ ರೈಲಿನಲ್ಲಿ ಹೋಗಿ, ಎರಡೂ ಕೈಗೆ ಗ್ರೀಸು ಬಳಿದುಕೊಂಡು ಬರುತ್ತಿದ್ದರು. ದಿನಾ ಹಿತ್ತಲಲ್ಲಿ ಹೆಂಡತಿಯದು ಒಂದೇ ಜಗಳ. “ಯೋವ್, ಕೊಳಕು ಕೈಲಿ ನಲ್ಲಿ ತಿರುಗಿಸ್ತೀಯ, ತೊಳೆದ ಕೈಲಿ ಅದೇ ನಲ್ಲಿ ಮುಚ್ತೀಯ. ತೊಳೆದಿದ್ದೇನು ಬಂತು?” ಪಾಪ, ಅವರು ನಲ್ಲಿ ಮುಚ್ಚಿ, ಕೈ ನೋಡಿಕೊಂಡು, ಮತ್ತೆ ನಲ್ಲಿ ತೆರೆಯುವರು. ಈ ಪ್ರಶ್ನೆಗೆ ಕೊನೆಯಿಲ್ಲ. ನನ್ನನ್ನು ಕೇಳಿದ್ದರೆ ಕೈ ತೊಳೆಯುವುದನ್ನೇ ಬಿಟ್ಟುಬಿಡಿ ಎನ್ನುತ್ತಿದ್ದೆ. ಒಮ್ಮೆ ಅವರು ಬೆರಳಿಗೆ ಹೊಲಿಗೆ ಹಾಕಿಸಿಕೊಳ್ಳಲು ಆಸ್ಪತ್ರೆಗೆ ಹೋದಾಗ, ಡಾಕ್ಟರು ಮೊಣಕೈಯಲ್ಲಿ ನಲ್ಲಿ ತಳ್ಳಿ ಕೈ ತೊಳೆದದ್ದನ್ನು ಕಂಡರು. ಅಂದಿನಿಂದ ತಲೆಯಲ್ಲಿ ಅದೇ ಹುಳ.

ರಿಟೈರಾದ ಮೇಲೆ ಹುಳ ಹೊರಬಂತು. ಹಳೆಯ ಹೊಲಿಗೆ ಮಿಷನ್ನಿನ ಪೆಡಲು, ಸೈಕಲ್ ಚೈನು, ಬಾಗಿಲಿಗೆ ಹಾಕುವ ಸ್ಪ್ರಿಂಗು, ಗೋಡೆಯ ಮೇಲೊಂದು ಡ್ರಮ್ಮು. ಕೈ ತಾಕದ ನಲ್ಲಿ ಸಿದ್ಧವಾಯಿತು. ಒಂದೇ ತೊಡಕು: ರಿಟೈರಾದವರ ಕೈಗೆ ಗ್ರೀಸು ಎಲ್ಲಿಂದ ಬರಬೇಕು? ನಲ್ಲಿ ರಿಪೇರಿ ಮಾಡಿದಾಗ ಮಾತ್ರ.

ಮನುಷ್ಯ ಕೂತಲ್ಲಿ ಕೂರುವವರಲ್ಲ. ಕುರ್ಚಿಯಲ್ಲಿ ಕೂತರೂ ಒಂದು ಕಾಲು ತಾಳ ಹಾಕುತ್ತಲೇ ಇರುತ್ತಿತ್ತು. ಗಣಿಗೆ ಹೋಗುವ ರೈಲು ಕೂಗಿದರೆ ಎದ್ದು ನಿಂತು, ಜೇಬು ಮುಟ್ಟಿಕೊಂಡು, ಎಲ್ಲಿಗೂ ಹೋಗಬೇಕಾಗಿಲ್ಲ ಎಂದು ನೆನಪಾಗಿ ಸುತ್ತಮುತ್ತ ನೋಡುವರು. ನಲ್ಲಿ ಕೆಟ್ಟಿದ್ದರೆ ಚಿಂತೆಯಿಲ್ಲ. ಹಳೇ ಚಪ್ಪಲಿಯ ತೊಗಲು ಕತ್ತರಿಸಿ ವಾಷರ್ ಮಾಡುತ್ತ, ಚೈನಿಗೆ ಎಣ್ಣೆ ಬಿಡುತ್ತ ಹೊತ್ತು ಕಳೆಯುವರು. ಸರಿಯಾಗಿದ್ದರೆ ಬಂತು ಗ್ರಹಚಾರ. ಆ ಕೈಗಳು ಅಡುಗೆಮನೆಗೆ ಹೊರಡುತ್ತಿದ್ದವು.

ಅಡುಗೆಮನೆ ಮುನಿಗಂಗಮ್ಮನ ರಾಜ್ಯ. ಅಲ್ಲಿ ಇವರು ಉರಿಯುತ್ತಿದ್ದ ಪಂಪ್ ಸ್ಟೌವನ್ನು ಇನ್ನೂ ಚೆನ್ನಾಗಿ ಉರಿಸುತ್ತೇನೆಂದು ಬಿಚ್ಚಿ ಹರಡಿದರು. ಬಾಗಿಲಿಗೆ ಎಷ್ಟು ಎಣ್ಣೆ ಬಿಟ್ಟರೆಂದರೆ, ಬೆಕ್ಕು ಬಂದು ಹಾಲು ಕುಡಿದು ಹೋದರೂ ಸದ್ದಾಗಲಿಲ್ಲ. ಕೊನೆಗೆ, ಗೋಡೆಯ ಹಲಗೆ ಓರೆಯಾಗಿದೆಯೆಂದು ರಸಮಟ್ಟ ಹಿಡಿದು, ಕಿತ್ತು, ಮೇಲಕ್ಕೆ ಬಡಿದರು. ಹಲಗೆ ನೂಲು ಹಿಡಿದಂತೆ ನೇರವಾಯಿತು. ಉಪ್ಪಿನ ಜಾಡಿ ಮಾತ್ರ ಹೆಂಡತಿಯ ಕೈಗೆ ಎಟುಕದಾಯಿತು.

ಆ ದಿನದ ಮಾತು ಗೋಡೆಯಾಚೆಗೂ ಕೇಳಿಸಿತು. ಕೇಳಿಸದಿದ್ದರೆ ಗೋಡೆಗೆ ಕಿವಿ ಕೊಡುವಷ್ಟು ಸಂಕೋಚ ಬಿಟ್ಟವನೇ ನಾನು.

“ಉಪ್ಪಿಗೆ ಏಣಿ ಆಕ್ಬೇಕೇನಯ್ಯಾ ನಾನು?”

“ಲೆವೆಲ್ ನೋಡು ಗಂಗಾ, ಎಂಗೈತೆ!”

“ನಿನ್ ಲೆವೆಲ್ಲು ಗಣೀಲಿಟ್ಕೋ! ಇನ್ನೊಂದ್ ಕಿತ ಒಲೆ ಮನೇಲಿ ಕೈ ಆಡಿಸ್ದೋ, ಬೂದಿಕೋಟೆಗೆ ನಮ್ಮಣ್ಣನ ಮನೆಗೆ ಓಯ್ತೀನಿ. ತಿರುಗಿ ಬರಾಕಿಲ್ಲ!”

ಆಕೆ ಆಡಿದ್ದನ್ನು ಮಾಡುವ ಹೆಂಗಸು. ದೊಡ್ಡವೆಂಕಟಪ್ಪ ಎರಡು ದಿನ ಹಿತ್ತಲಿಗೂ ಬೀದಿಬಾಗಿಲಿಗೂ ಓಡಾಡಿದರು. ಅಡುಗೆಮನೆಯ ಹೊಸ್ತಿಲ ಬಳಿ ಬಂದಾಗಲೆಲ್ಲ ಅವರ ಬೆರಳು ತುರಿಸುತ್ತಿತ್ತು. ಮೂರನೆಯ ದಿನ, ದೇವರ ದಯ, ನಲ್ಲಿ ಸೋರತೊಡಗಿತು! ಅವರು ಸಿಳ್ಳೆ ಹಾಕುತ್ತ ಸ್ಪ್ಯಾನರ್ ಹುಡುಕಿದರು. ಅಲ್ಲಿಂದ ಮುಂದೆ ಅದು ಆಗಾಗ ಸೋರಿತು; ಅಡುಗೆಮನೆ ತಣ್ಣಗಿತ್ತು.

ಒಂದು ಬೆಳಗ್ಗೆ ನಾನು ಕಾಂಪೌಂಡಿನ ಬಳಿ ಹಲ್ಲುಜ್ಜುತ್ತಿದ್ದೆ. ಮುನಿಗಂಗಮ್ಮ ಸೆರಗಿನ ಗಂಟಿನಿಂದ ಹುಣಸೆಬೀಜವೊಂದನ್ನು ತೆಗೆದು, ಪೆಡಲಿನ ಸಂದಿಗೆ ಸಿಕ್ಕಿಸಿದರು. ಪೆಡಲು ಪೂರ್ತಿ ಮೇಲೇಳಲಿಲ್ಲ. ತೊಟ್ಟು, ತೊಟ್ಟು, ತೊಟ್ಟು. ನನ್ನನ್ನು ಕಂಡರೂ ಆಕೆ ಬೆಚ್ಚಲಿಲ್ಲ.

“ಅವ್ರಿಗೆ ಏಳ್ಬ್ಯಾಡಿ ಮೇಷ್ಟ್ರೇ. ನಲ್ಲಿ ಕೆಟ್ರೆ ಒಲೆ ಉಳೀತದೆ.”

ಬಾಯಲ್ಲಿ ಪೇಸ್ಟು ಇದ್ದದ್ದರಿಂದ ಹೂಂ ಎಂದೆ. ಗುಟ್ಟು ಕಾಪಾಡುವುದು ನನ್ನಂಥವನಿಗೆ ಹೊಟ್ಟೆನೋವಿಗಿಂತ ಕಷ್ಟ. ಅವರು ವಾಷರನ್ನು ಬೈಯುವಾಗಲೆಲ್ಲ ನನ್ನ ನಾಲಿಗೆ ತುದಿಗೆ ಹುಣಸೆಬೀಜ ಬರುತ್ತಿತ್ತು. ಅದನ್ನು ನುಂಗಿಕೊಂಡು ಮನೆಗೆ ಬಂದು, ನಮ್ಮ ನಲ್ಲಿಯ ಮುಂದೆ ನಿಂತು ಸುಮ್ಮನೆ ನೆಲ ತುಳಿಯುತ್ತಿದ್ದೆ. ಅಭ್ಯಾಸ ಹಾಗೆ ಕೆಟ್ಟಿತ್ತು.

ಆಮೇಲೊಮ್ಮೆ ಮುನಿಗಂಗಮ್ಮ ಅಣ್ಣನ ಮಗಳ ಮದುವೆಗೆಂದು ಬೂದಿಕೋಟೆಯ ಬಸ್ಸು ಹತ್ತಿದರು. ಹತ್ತುವಾಗ ಗಂಡನತ್ತ ಬೆರಳು ತೋರಿಸಿ, “ಬಂದಾಗ ಒಲೆ ಮನೆ ಎಂಗೈತೋ ಅಂಗೇ ಇರ್ಬೇಕು. ಇಲ್ಲಾಂದ್ರೆ ಅದೇ ಬಸ್ಸಿಗೆ ವಾಪಸ್ಸು,” ಎಂದರು. ದೊಡ್ಡವೆಂಕಟಪ್ಪನವರ ಊಟ ನಮ್ಮಲ್ಲೇ ಎಂದಾಯಿತು. ನನಗೆ ಮಾತ್ರ ಜೀವದಲ್ಲಿ ಜೀವವಿಲ್ಲ. ನಲ್ಲಿ ಕೆಡಿಸುವವರು ಊರಲ್ಲಿಲ್ಲ, ಅಡುಗೆಮನೆಯ ಬಾಗಿಲು ತೆರೆದಿದೆ, ರಸಮಟ್ಟ ಗೂಟಕ್ಕೆ ತೂಗುತ್ತಿದೆ!

ಮಾರನೆಯ ಬೆಳಗ್ಗೆ ಕಾಂಪೌಂಡಿಗೆ ಓಡಿ ಇಣುಕಿದೆ. ದೊಡ್ಡವೆಂಕಟಪ್ಪ ನಲ್ಲಿ ಬಿಚ್ಚಿಕೊಂಡು ಕೂತಿದ್ದರು. ಪೆಡಲಿನ ಪಕ್ಕದಲ್ಲಿ, ಜೋಪಾನವಾಗಿ ಎತ್ತಿಟ್ಟಂತೆ, ಒಂದು ಹುಣಸೆಬೀಜ.

ಇನ್ನು ತಡೆಯಲಾಗಲಿಲ್ಲ. “ಅಲ್ಲ ಸ್ವಾಮಿ, ಮುನಿಗಂಗಮ್ಮನವರು ಬೂದಿಕೋಟೆಯಲ್ಲಿದ್ದಾರೆ. ಈ ಬೀಜ ಇಲ್ಲಿಗೆ ಹೇಗೆ ಬಂತು?”

ಅವರು ತಲೆಯೆತ್ತಲಿಲ್ಲ. ವಾಷರ್ ಉಜ್ಜುತ್ತಲೇ ಹೇಳಿದರು:

“ಓಗೋ ಗಡಿಬಿಡೀಲಿ ಅವ್ಳು ಆಕೋದು ಮರ್ತ್ಲು ಸಾ. ನಾನೇ ಆಕ್ಕಂಡೆ.”